ಕೈಯಲ್ಲಿ ತೂಗಿ ತಂದ ಡಿಜೆ

ನಮ್ಮ ಯಜಮಾನರ ಬಾಯಿಗೆ ‘ಗೊತ್ತಿಲ್ಲ’ ಎನ್ನುವ ಮಾತು ಬರುತ್ತಲೇ ಇರಲಿಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಕಡಲೆಕಾಯಿ ತಿನ್ನುತ್ತ ನಿಂತಿದ್ದಾಗ, ಬೆಟ್ಟ ಹತ್ತಲು ಬಂದಿದ್ದ ಬೆಂಗಳೂರಿನವರ ಗುಂಪೊಂದು ಕಳವಾರಕ್ಕೆ ಯಾವ ಬಸ್ಸು ಎಂದು ಕೇಳಿತು. ಇವರಿಗೆ ಕಳವಾರ ಬೆಟ್ಟದ ಬುಡದಲ್ಲಿದೆ ಎಂಬುದಷ್ಟೇ ಗೊತ್ತು, ಬಸ್ಸು ಗೊತ್ತಿಲ್ಲ. ಆದರೂ ಮಹಾ ಕಂಟ್ರೋಲರ್ ಸಾಹೇಬರ ಗತ್ತಿನಲ್ಲಿ ಕೈ ತೋರಿಸಿ, ಅಷ್ಟು ಜನರನ್ನೂ ಪೆರೇಸಂದ್ರದ ಬಸ್ಸು ಹತ್ತಿಸಿ ಕಳಿಸಿದರು. ಪಾಪ, ಅವರು ಹೆದ್ದಾರಿಯಲ್ಲಿ ಎಲ್ಲಿಳಿದು ಯಾರನ್ನು ಬೈದುಕೊಂಡರೋ. ಯಾಕ್ರೀ ಹೀಗೆ ಮಾಡಿದಿರಿ ಎಂದರೆ, ಅಲ್ಲಿಂದಲೂ ಒಂದು ದಾರಿ ಇದ್ದೇ ಇರುತ್ತೆ ಬಿಡು ಎಂದರು. ನಾನು ಇಂಥವರ ಜೊತೆ ಸಂಸಾರ ಮಾಡಿಕೊಂಡು ಬಂದವಳು.

ಅವರ ಹೆಸರು ಕೆಂಪರಾಜು. ಗೌರಿಬಿದನೂರಿನಲ್ಲಿ ಬರೀ ಹೆಸರು ಹೇಳಿದರೆ ಯಾರಿಗೂ ತಿಳಿಯದು, ಮೈಕ್ ಸೆಟ್ ಕೆಂಪರಾಜಣ್ಣ ಎನ್ನಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಯಾರದೋ ಅಂಗಡಿಯಲ್ಲಿ ವಯರು ಸುತ್ತುತ್ತ ಕೆಲಸ ಕಲಿತು, ತಮ್ಮದೇ ಅಂಗಡಿ ಇಟ್ಟವರು. ಮದುವೆ, ನಾಮಕರಣ, ಜಯಂತಿ, ಚುನಾವಣೆ, ಏನೇ ಇರಲಿ ಇವರ ಹಾರ್ನು ಮರಕ್ಕೋ ಮಾಳಿಗೆಗೋ ಏರಬೇಕು. ಕೆಟ್ಟ ಸೆಟ್ಟನ್ನು ಬಿಚ್ಚಿ ಸರಿಮಾಡುವುದರಲ್ಲಿ ಅವರದು ಒಳ್ಳೆಯ ಕೈ, ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಮೈಕ್ ಸೆಟ್ಟಿನವರಿಗೆ ತಮ್ಮದೇ ಒಂದು ಲೆಕ್ಕವಿದೆ. ಆಂಪ್ಲಿಫೈಯರ್ ಕೊಳ್ಳುವಾಗ ಅದರ ಬಣ್ಣ, ಗುಂಡಿ ಇವನ್ನೆಲ್ಲ ನೋಡುವುದಿಲ್ಲ. ಒಂದು ಕೈಯಲ್ಲಿ ಎತ್ತಿ ತೂಗಿ ನೋಡುತ್ತಾರೆ. ಒಳಗಿನ ತಾಮ್ರದ ಸುರುಳಿ ದಪ್ಪಗಿದ್ದರೆ ಸೆಟ್ಟು ಭಾರ ಬರುತ್ತದೆ, ಭಾರವಿದ್ದರೆ ದಿನವಿಡೀ ಹಾಡಿದರೂ ಸುಟ್ಟುಹೋಗುವುದಿಲ್ಲ. ಹಗುರವಾಗಿದ್ದರೆ ಮೋಸ. ನಮ್ಮ ಯಜಮಾನರಂತೂ ಅಂಗಡಿಯವನು ಬಾಯಿ ತೆರೆಯುವ ಮೊದಲೇ ಎತ್ತಿ ನೋಡಿ, ಇದು ಇಷ್ಟು ವಾಟ್ಸು ಎಂದು ಹೇಳಿಬಿಡುತ್ತಿದ್ದರು, ಅದು ಸರಿಯಾಗಿಯೇ ಇರುತ್ತಿತ್ತು. ಆ ಕೈ ಮೇಲೆ ಅವರಿಗೆ ವಿಪರೀತ ನಂಬಿಕೆ.

ಎರಡು ಸಾವಿರದ ಒಂಬತ್ತರಲ್ಲಿ ನನ್ನ ತಂಗಿ ಕಲ್ಯಾಣಿಗೆ ಗಂಡು ಗೊತ್ತಾಯಿತು. ಹುಡುಗ ಗಂಗರಾಜು, ಚಿಂತಾಮಣಿಯಲ್ಲಿ ಹೈಸ್ಕೂಲು ಮೇಷ್ಟ್ರು. ತೊಂಡೇಬಾವಿಯ ನಮ್ಮ ತವರಿನ ನಡುಮನೆಯಲ್ಲಿ, ಬುದ್ಧನ ಪಟದ ಕೆಳಗೆ, ಎರಡೂ ಕಡೆಯವರು ಕೂತು ಮಾತಾಡಿದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಅನ್ನುವಾಗ ಹುಡುಗನ ದೊಡ್ಡಪ್ಪ ಆವುಲಪ್ಪ ಎಲೆಯಡಿಕೆ ಬಾಯಿಗಿಟ್ಟುಕೊಂಡು ಒಂದು ಮಾತು ಸೇರಿಸಿದರು.

“ಆರತಕ್ಷತೆಗೆ ಡಿಜೆ ಒಂದು ಇರ್ಲಪ್ಪ. ಹಾರ್ನು ಕಟ್ಟಿದ್ರೆ ನಮ್ ಕಡೆ ಹುಡುಗ್ರು ನಗ್ತಾರೆ.”

ನಮ್ಮಪ್ಪ ಕೋನಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಹಳಿ ಬಡಿದೂ ಬಡಿದೂ ಕಿವಿ ಮಂದವಾಗಿತ್ತು. ಏನಂತೆ ಎಂದು ನನ್ನ ಮುಖ ನೋಡಿದರು. ನಾನು ಕಿವಿಯ ಹತ್ತಿರ ಹೋಗಿ ಹೇಳುವಷ್ಟರಲ್ಲಿ ಯಜಮಾನರು ಎದೆ ಸೆಟೆಸಿಕೊಂಡು ಕೂತರು. ಡಿಜೆ ತಾನೇ, ಅದು ನನಗೆ ಬಿಡಿ, ನಾನೇ ನಿಂತು ಮಾಡ್ತೀನಿ ಎಂದುಬಿಟ್ಟರು. ಅವರು ಡಿಜೆ ಸೆಟ್ಟನ್ನು ಕಣ್ಣಲ್ಲಿ ಕಂಡಿದ್ದರೆ ಕೇಳಿ! ಶಿಡ್ಲಘಟ್ಟದ ಒಂದು ಮದುವೆಯಲ್ಲಿ ದೂರದಿಂದ ನೋಡಿದ್ದು, ಅಷ್ಟೇ. ಅಪ್ಪನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. ನಮ್ಮ ದೊಡ್ಡಳಿಯ ಇರುವಾಗ ಬೇರೆಯವರನ್ನು ಯಾಕೆ ಕರೆಸಬೇಕು ಎಂದು ಬೀಗರ ಮುಂದೆ ಮೀಸೆ ತಿರುವಿದರು. ಹಾಗೆ ನನ್ನ ಗಂಡನ ಮಾನ, ಅದರ ಜೊತೆಗೆ ಅಪ್ಪನ ಮಾನ, ಎರಡೂ ಆ ಡಿಜೆಗೆ ಗಂಟುಬಿದ್ದವು.

ಮುಂದಿನ ವಾರ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ನನ್ನನ್ನು ಯಾಕೆ ಕರೆದುಕೊಂಡು ಹೋದರೆಂದರೆ, ಹೊಲಿಗೆ ಹಾಕಿ ನಾನು ಕೂಡಿಟ್ಟ ದುಡ್ಡೂ ಅದರಲ್ಲಿ ಸೇರಿತ್ತು. ಅಂಗಡಿಯಲ್ಲಿದ್ದವನು ಅಚ್ಚುಕಟ್ಟಾಗಿ ಇನ್‌ಶರ್ಟ್ ಮಾಡಿದ್ದ ಹುಡುಗ. ಗಾಜಿನ ಮೇಜಿನ ಮೇಲೆ ಡಿಜೆ ಆಡಿಸುವ ಎರಡು ಕಂಟ್ರೋಲರ್ ತಂದಿಟ್ಟ. ಎರಡಕ್ಕೂ ಎಡಬಲದಲ್ಲಿ ತಟ್ಟೆಯಂಥ ಚಕ್ರ, ನಡುವೆ ತಿರುಗಿಸುವ ಗುಂಡಿ, ಮೇಲೆ ಕೆಳಗೆ ಎಳೆಯುವ ಪಟ್ಟಿ. ಒಂದು ನಮ್ಮ ಇಡ್ಲಿ ತಟ್ಟೆಯಷ್ಟಗಲ, ಇನ್ನೊಂದು ಹಾರ್ಮೋನಿಯಂ ಗಾತ್ರ.

ಯಜಮಾನರು ಅಭ್ಯಾಸದಂತೆ ಚಿಕ್ಕದನ್ನು ಒಂದು ಕೈಯಲ್ಲಿ ಎತ್ತಿದರು. ಹಗುರ. ಮುಖ ಸಿಂಡರಿಸಿ ಕೆಳಗಿಟ್ಟರು. ದೊಡ್ಡದನ್ನು ಎತ್ತಿ ಕಣ್ಣು ಕಿರಿದು ಮಾಡಿ ತೂಗಿದರು. ಆಮೇಲೆ ಇದು ಎಷ್ಟು ವಾಟ್ಸು ಎಂದು ಕೇಳಿದರು.

ಹುಡುಗ ನಕ್ಕುಬಿಟ್ಟ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಪಕ್ಕದಲ್ಲಿ ಬಿಲ್ಲು ಬರೆಯುತ್ತಿದ್ದವನೂ ತಲೆ ತಗ್ಗಿಸಿ ನಕ್ಕ. ಇದಕ್ಕೆ ವಾಟ್ಸು ಅಂತೆಲ್ಲ ಇರಲ್ಲ ಸಾರ್, ಹೊಸದಾಗಿ ಕಲಿಯೋರಿಗೆ ಚಿಕ್ಕದೇ ಸಾಕು ಎಂದ. ಅವನು ಒಳ್ಳೆಯದಕ್ಕೇ ಹೇಳಿದ. ಇವರಿಗೆ ‘ಹೊಸದಾಗಿ ಕಲಿಯೋರು’ ಎನ್ನುವುದು ಮುಖಕ್ಕೆ ಹೊಡೆದ ಹಾಗಾಯಿತು. ಕಿವಿ ಕೆಂಪಾದದ್ದನ್ನು ನಾನು ಪಕ್ಕದಿಂದ ನೋಡಿದೆ. ಊರಿನಲ್ಲಿ ಯಾವ ಸೆಟ್ಟು ಕೆಟ್ಟರೂ ಇವರನ್ನು ಹುಡುಕಿಕೊಂಡು ಬರುತ್ತಾರೆ, ಇಲ್ಲಿ ಎಳೆಯ ಹುಡುಗ ನಗುತ್ತಿದ್ದಾನೆ. ಅಲ್ಲಿಂದಾಚೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದೇ ಇರಲಿ ಎಂದು ಭಾರದ್ದರ ಮೇಲೆ ಕೈಯಿಟ್ಟರು.

ಹುಡುಗ ಪೆಟ್ಟಿಗೆ ಕಟ್ಟುತ್ತ ಕೇಳಿದ: “ಸಾರ್, ಮನೇಲಿ ಲ್ಯಾಪ್‌ಟಾಪ್ ಇದೆ ಅಲ್ವಾ?”

“ಇದೆ, ಇದೆ.”

ನಮ್ಮ ಮನೆಯಲ್ಲಿ ಮಿಕ್ಸಿ ಇತ್ತು, ಟಿವಿ ಇತ್ತು, ನನ್ನ ಹೊಲಿಗೆ ಮಿಷನ್ ಇತ್ತು. ಅಂಗಡಿಯಲ್ಲಿ ಮಾತೆತ್ತಿದರೆ ಅವರ ಮರ್ಯಾದೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡೆ. ರೈಲು ಯಲಹಂಕ ದಾಟಿದ ಮೇಲೆ ಕೇಳಿದೆ, ರೀ, ಎಲ್ಲಿದೆ ಆ ಲ್ಯಾಪ್‌ಟಾಪು ಎಂದು. ಅದನ್ನೂ ನಮ್ಮ ತಲೆಗೆ ಕಟ್ಟೋಕೆ ಹಾಗೆ ಕೇಳ್ತಾರೆ ಕಣೇ, ವ್ಯಾಪಾರದವರ ಬುದ್ಧಿ ನಿನಗೆ ಗೊತ್ತಾಗಲ್ಲ ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ತೊಂಡೇಬಾವಿಯಲ್ಲಿ ರೈಲು ನಿಂತಾಗ ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದರು. ಪೆಟ್ಟಿಗೆ ನೋಡಲೆಂದೇ ಬಂದಿದ್ದರು. ಯಜಮಾನರು ಅದನ್ನು ಬಾಗಿಲಿಗೆ ತಂದು, ಎತ್ತಿ ನೋಡಿ ಮಾವ ಎಷ್ಟು ಭಾರ ಇದೆ ಎಂದು ಅವರ ಕೈಗೆ ಕೊಟ್ಟರು. ಅಪ್ಪ ಮಗುವನ್ನು ಎತ್ತಿಕೊಂಡಂತೆ ಅದನ್ನು ಎತ್ತಿಕೊಂಡು, ಸ್ಟೇಷನ್ನಿನಲ್ಲಿದ್ದ ಹಳೆಯ ಗೆಳೆಯ ಮುನಿಗಂಗಪ್ಪನನ್ನು ಕರೆದು ತೋರಿಸಿದರು. ರೈಲು ಹೊರಟರೂ ಅವರ ನಗು ನನಗೆ ಕಾಣುತ್ತಲೇ ಇತ್ತು.

ಅಂಗಡಿಗೆ ತಂದು, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದು, ವಯರು ಎಳೆದು ಸ್ಪೀಕರಿಗೆ ಸೇರಿಸಿದರು. ಪ್ಲಗ್ ಹಾಕಿದರೆ ದೀಪಗಳೆಲ್ಲ ಜಗ್ಗನೆ ಹತ್ತಿದವು. ಚಕ್ರ ತಿರುಗಿಸಿದರು, ಪಟ್ಟಿ ಎಳೆದರು. ಒಂದು ಸಣ್ಣ ಸದ್ದೂ ಬರಲಿಲ್ಲ. ಪೆಟ್ಟಿಗೆಯ ಒಳಗೊಂದು ಸೀಡಿ ಇತ್ತು. ಓಹೋ, ಹಾಡು ಇದರಲ್ಲಿದೆ ಎಂದುಕೊಂಡು ಅದನ್ನು ಡಿವಿಡಿ ಪ್ಲೇಯರಿಗೆ ಹಾಕಿದರು. ಡಿವಿಡಿ ಪ್ಲೇಯರ್ ‘ಇದರಲ್ಲಿ ಏನೂ ಇಲ್ಲ’ ಎಂಬಂತೆ ಅದನ್ನು ಹೊರಕ್ಕೆ ತಳ್ಳಿತು. ಅದು ಕಂಪ್ಯೂಟರಿಗೆ ಹಾಕುವ ಸೀಡಿ. ಹಾಡೆಲ್ಲ ಕಂಪ್ಯೂಟರಿನೊಳಗೆ ಇರಬೇಕು, ಈ ಕಂಟ್ರೋಲರ್ ಅದನ್ನು ಆಡಿಸುವ ಕೈ ಮಾತ್ರ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಹೇಳಿದ್ದು ಒಂದೇ, ಎಲ್ಲ ಸರಿಯಾಗಿದೆ ಎಂದು.

ವಾಪಸು ಕೊಡಲು ಹೋಗಬಹುದಿತ್ತು. ಹೋದರೆ ಆ ಹುಡುಗ ಮತ್ತೆ ನಗುತ್ತಾನೆ. ಯಾರನ್ನಾದರೂ ಕೇಳಬಹುದಿತ್ತು. ಕೇಳಬೇಕಾದವಳು ಮನೆಯಲ್ಲೇ ಇದ್ದಳು. ಕಲ್ಯಾಣಿ ಗೌರಿಬಿದನೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಕಲಿತು, ಅಲ್ಲೇ ಹುಡುಗಿಯರಿಗೆ ಹೇಳಿಕೊಡುತ್ತಿದ್ದಳು, ನಮ್ಮ ಮನೆಯಲ್ಲೇ ಉಳಿದು ಓಡಾಡುತ್ತಿದ್ದಳು. ಬೆಳಿಗ್ಗೆ ತಿಂಡಿಗೆ ಕೂತಾಗ, ಭಾವ, ಡಿಜೆ ಪ್ರಾಕ್ಟೀಸ್ ಹೇಗಿದೆ ಎಂದು ಕೇಳುತ್ತಿದ್ದಳು. ಜೋರಾಗಿದೆಯಮ್ಮ ಎಂದು ಇವರು ಉಪ್ಪಿಟ್ಟು ನುಂಗುತ್ತಿದ್ದರು. ನೋಡಲು ಬರ್ತೀನಿ ಎಂದರೆ ಮದುವೆ ದಿನವೇ ನೋಡು ಎನ್ನುತ್ತಿದ್ದರು. ಅಂಗಡಿಯ ಷಟರ್ ಬಾಗಿಲನ್ನು ಅರ್ಧ ಎಳೆದುಕೊಂಡೇ ಕೂರುವುದನ್ನು ಆಗಲೇ ಶುರುಮಾಡಿದ್ದರು.

ಕೊನೆಗೆ ಅವರಿಗೆ ಹೊಳೆದ ಉಪಾಯ ಇದು. ಡಿಜೆ ಹಾಡುಗಳನ್ನು ಜೋಡಿಸಿ ಕೊಡುವ ಸೀಡಿ ಅಂಗಡಿಗಳು ಆಗ ಎಲ್ಲ ಊರಲ್ಲೂ ಇದ್ದವು. ಗೌರಿಬಿದನೂರಿನಲ್ಲಿ ಕೊಂಡರೆ ಗುರುತಿನವರು ಆಡಿಕೊಳ್ಳುತ್ತಾರೆ ಎಂದು, ಅಷ್ಟು ದೂರ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಒಂದು ಸೀಡಿ ಮಾಡಿಸಿಕೊಂಡು ಬಂದರು. ಗಂಡಿನ ಕಡೆಯವರ ಊರು ಅದೇ ಎನ್ನುವುದು ಈ ಪುಣ್ಯಾತ್ಮನ ತಲೆಗೇ ಹೋಗಲಿಲ್ಲ. ಅಕ್ಕಪಕ್ಕದವರಿಗೆ ಕೇಳಿಸಬಾರದೆಂದು ಸದ್ದು ತಗ್ಗಿಸಿ ಮೊದಲ ಒಂದೆರಡು ಹಾಡು ಕೇಳಿ, ಸಾಕು ಎಂದು ತೆಗೆದಿಟ್ಟರು. ನನಗೆ ಮೇಜಿಗೆ ನೆಲ ಮುಟ್ಟುವ ಹಾಗೆ ಒಂದು ಬಟ್ಟೆ ಹೊಲಿದುಕೊಡು ಎಂದರು. ಅಂದವಾಗಿರಲಿ ಎಂದು ಕೇಳುತ್ತಿದ್ದಾರೆ ಅಂದುಕೊಂಡು ನೀಲಿ ಸ್ಯಾಟಿನ್ನಿಗೆ ನೆರಿಗೆ ಕೊಟ್ಟು ಚೆಂದಾಗಿ ಹೊಲಿದೆ.

ಆರತಕ್ಷತೆ ಗೌರಿಬಿದನೂರಿನ ಛತ್ರದಲ್ಲಿ. ಸಂಜೆಗೇ ಚಿಂತಾಮಣಿಯಿಂದ ಎರಡು ಬಸ್ಸು ಬಂದವು. ವೇದಿಕೆಯ ಮೇಲೆ ಕಲ್ಯಾಣಿ, ಗಂಗರಾಜು. ಪಕ್ಕದಲ್ಲಿ ನೀಲಿ ಬಟ್ಟೆಯ ಮೇಜು, ಮೇಲೆ ಮಿನುಗುವ ಕಂಟ್ರೋಲರ್, ಅದರ ಹಿಂದೆ ನಮ್ಮ ಯಜಮಾನರು. ಕೆಂಪು ಅಂಗಿ, ಕಿವಿಗೆ ಹೆಡ್‌ಫೋನ್. ಆ ಹೆಡ್‌ಫೋನಿನ ವಯರು ಎಲ್ಲಿಗೂ ಸೇರಿರಲಿಲ್ಲ, ಬಟ್ಟೆಯ ಕೆಳಗೆ ಡಿವಿಡಿ ಪ್ಲೇಯರ್ ಕೂತು ನಿಜವಾದ ಕೆಲಸ ಮಾಡುತ್ತಿತ್ತು. ಅದು ಯಾರಿಗೆ ಗೊತ್ತು! ಹುಡುಗರು ಕುಣಿದದ್ದೇ ಕುಣಿದದ್ದು. ಇವರು ಚಕ್ರ ತಿರುಗಿಸುವುದೇನು, ಕಣ್ಣು ಮುಚ್ಚಿ ತಲೆ ಆಡಿಸುವುದೇನು. ಅಪ್ಪ ಮುಂದಿನ ಸಾಲಿನಲ್ಲಿ ಆವುಲಪ್ಪನವರ ಪಕ್ಕ ಕೂತು, ನೋಡಿದಿರಾ ಎಂಬಂತೆ ಅವರ ತೊಡೆ ತಟ್ಟಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಹಾಡಿನ ಮಧ್ಯೆ ಒಂದು ಗಂಡು ಧ್ವನಿ ಬಂತು. ಆ ಕಾಲದ ಸೀಡಿ ಅಂಗಡಿಯವರು ತಮ್ಮ ಜಾಹೀರಾತನ್ನು ಹಾಡಿನೊಳಗೇ ತುರುಕುತ್ತಿದ್ದರು.

“ಇಂಥ ಭರ್ಜರಿ ಡಿಜೆ ಮಿಕ್ಸ್‌ಗಳಿಗಾಗಿ ಭೇಟಿ ಕೊಡಿ, ಹರಿತಾ ಸೀಡೀಸ್, ಚಿಂತಾಮಣಿ!”

ಕುಣಿಯುತ್ತಿದ್ದ ಕಾಲುಗಳು ನಿಂತವು. ಯಜಮಾನರು ಅವಸರದಲ್ಲಿ ಒಂದು ಪಟ್ಟಿ ಎಳೆದರು. ಧ್ವನಿ ನಿಲ್ಲಲಿಲ್ಲ. ಗುಂಡಿಗಳನ್ನೆಲ್ಲ ಒತ್ತಿದರು, ಎರಡೂ ಚಕ್ರ ಹಿಂದಕ್ಕೆ ತಿರುಗಿಸಿದರು. ಆ ಮನುಷ್ಯ ಅಂಗಡಿಯ ವಿಳಾಸ ಹೇಳಿದ, ಫೋನ್ ನಂಬರು ಹೇಳಿದ, ಮತ್ತೊಮ್ಮೆ ಹೇಳಿದ. ನಿಲ್ಲಿಸಬೇಕಾದರೆ ಬಗ್ಗಿ ಬಟ್ಟೆಯ ಕೆಳಗೆ ಕೈ ಹಾಕಬೇಕು. ಬಗ್ಗಿದರೆ ಎಲ್ಲರಿಗೂ ತಿಳಿಯುತ್ತದೆ. ಅವರು ಬಗ್ಗಲಿಲ್ಲ. ಬೆವರು ಸುರಿಯುತ್ತಿದ್ದರೂ ನೆಟ್ಟಗೆ ನಿಂತು, ಏನಕ್ಕೂ ಸೇರದ ಆ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದರು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಚಿಂತಾಮಣಿಯ ಹುಡುಗರು ಕೇಕೆ ಹಾಕಿ ನಕ್ಕರು. ಅವರಲ್ಲಿ ಒಬ್ಬನ ಮನೆ ಆ ಅಂಗಡಿಯ ಎದುರಿಗೇ ಇತ್ತಂತೆ. ಆವುಲಪ್ಪನವರ ಹೊಟ್ಟೆ ಕುಲುಕುತ್ತಿತ್ತು. ಅಪ್ಪನಿಗೆ ಮಾತ್ರ ಆ ಧ್ವನಿ ಹೇಳಿದ್ದು ಕೇಳಿಸಿರಲಿಲ್ಲ. ಎಲ್ಲರೂ ನಗುವುದನ್ನು ನೋಡಿ, ಅಳಿಯ ಏನೋ ದೊಡ್ಡದೇ ಮಾಡಿದ ಎಂದುಕೊಂಡು ಅವರೂ ನಗುತ್ತಿದ್ದರು. ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಬಂದು ನಾನು ಹೊಲಿದ ಬಟ್ಟೆಯನ್ನು ಎತ್ತಿ, ಒಳಗಿದ್ದ ಡಿವಿಡಿ ಪ್ಲೇಯರನ್ನು ಎಲ್ಲರಿಗೂ ತೋರಿಸಿದಾಗ ಅಪ್ಪನ ಕೈ ಅರ್ಧಕ್ಕೆ ನಿಂತಿತು. ಆ ಮುಖವನ್ನು ಯಜಮಾನರು ನೋಡಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಅಡುಗೆಯವರು ಇದ್ದ ಹಿತ್ತಲಿಗೆ ಹೋದರು.

ಹಿಂದೆಯೇ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಮದುವೆ ಇನ್ನೂ ಬೆಳಿಗ್ಗೆ ಇದೆ, ಬೀಗರ ಮುಂದೆ ಅಪ್ಪ ಹೇಗೆ ತಲೆ ಎತ್ತಬೇಕು ಎಂದೆ. ಅವರು ತೊಳೆಯಲು ಹಾಕಿದ್ದ ಪಾತ್ರೆಗಳ ಮಧ್ಯೆ ಕೂತಿದ್ದರು. ಹೇಳಿದ್ದು ಒಂದೇ ಮಾತು. “ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು ಕಣೇ.”

ಬೆಳಿಗ್ಗೆ ಮುಹೂರ್ತಕ್ಕೆ ಹಾರ್ನು ಕಟ್ಟಲು ಮಾಳಿಗೆ ಹತ್ತಿದವರು ಶಾಸ್ತ್ರ ಮುಗಿಯುವವರೆಗೂ ಇಳಿಯಲೇ ಇಲ್ಲ. ನಾದಸ್ವರ ಸರಿಯಾದ ಹೊತ್ತಿಗೆ ಬಂತು, ಗಟ್ಟಿಮೇಳ ಸರಿಯಾದ ಹೊತ್ತಿಗೆ ಬಂತು. ಅಕ್ಷತೆ ಹಾಕಲು ದೊಡ್ಡಳಿಯ ಮಾತ್ರ ಇಲ್ಲ. ಅಪ್ಪ ಕೇಳಲೂ ಇಲ್ಲ. ಮಧ್ಯಾಹ್ನ ಹೆಣ್ಣು ಒಪ್ಪಿಸಿಕೊಡುವಾಗ ಕಲ್ಯಾಣಿ ಎಲ್ಲರ ಕಾಲಿಗೂ ಬಿದ್ದು, ಭಾವ ಎಲ್ಲಿ ಎಂದು ಹುಡುಕಿಕೊಂಡು ಹೋದಳು. ಛತ್ರದ ಹಿಂದೆ ವಯರು ಸುತ್ತುತ್ತಿದ್ದರು. ಅವಳು ಕಾಲಿಗೆ ಬಿದ್ದಳು, ಅವರು ಗಾಬರಿಯಾಗಿ ಎಬ್ಬಿಸಿದರು.

“ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ಭಾವ?” ಎಂದಳು. “ಪಿಯುಸಿ ಆದ್ಮೇಲೆ ಸಾಕು ಅಂತ ಅಪ್ಪ ಕೂರಿಸಿದ್ದಾಗ, ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದು ನೀವೇ ಅಲ್ವಾ?”

ನಿನ್ನೆ ಅಷ್ಟು ಜನ ನಕ್ಕಾಗ ನೆಟ್ಟಗಿದ್ದ ಇವರ ತಲೆ ಈಗ ತಗ್ಗಿತು. ಸುತ್ತುತ್ತಿದ್ದ ವಯರು ಕೈಯಿಂದ ಜಾರಿ ಬಿತ್ತು.

ಆಮೇಲಿನ ದಿನಗಳನ್ನು ಏನು ಹೇಳಲಿ. ಅಂಗಡಿಯ ಮುಂದೆ ಹೋಗುವವರು ‘ಇಂಥ ಭರ್ಜರಿ ಡಿಜೆ ಮಿಕ್ಸ್‌ಗಳಿಗಾಗಿ’ ಎಂದು ಒಂದು ಕೂಗು ಹಾಕಿ ಹೋಗುತ್ತಿದ್ದರು. ಇವರು ಬಾಗಿಲನ್ನು ಇನ್ನೂ ಒಂದು ಗೇಣು ಕೆಳಗೆ ಎಳೆದುಕೊಂಡರು. ಕಂಟ್ರೋಲರ್ ಅದೇ ನೀಲಿ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿತು. ಸಂತೆಗೆ ಬಂದಾಗಲೆಲ್ಲ ಅಳಿಯನ ಅಂಗಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದ ಅಪ್ಪ ಈಗ ಬೇರೆ ಬೀದಿಯಲ್ಲಿ ಬಂದು ಹೋಗುತ್ತಿದ್ದರು. ಇಬ್ಬರಲ್ಲಿ ಯಾರಿಗೆ ಹೆಚ್ಚು ನಾಚಿಕೆಯೋ ನನಗೆ ತಿಳಿಯಲಿಲ್ಲ. ಮನೆಯಲ್ಲಿ ಇವರು ಉಪ್ಪು ಕಡಿಮೆಯಾದರೂ ಕೇಳುತ್ತಿರಲಿಲ್ಲ. ನನಗೆ ಬೈಯಲೂ ಮನಸ್ಸು ಬರುತ್ತಿರಲಿಲ್ಲ, ಅದೇ ನನಗೆ ಹಿಂಸೆ.

ಮದುಮಕ್ಕಳು ತವರಿಗೆ ಬಂದಾಗ ಕಲ್ಯಾಣಿ ಗಂಗರಾಜುವಿನ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಅಪ್ಪನನ್ನೂ ಕೈಹಿಡಿದು ಎಳೆದುಕೊಂಡು ನೇರ ಗೌರಿಬಿದನೂರಿನ ಅಂಗಡಿಗೆ ಹೋದಳು. ನಾನೂ ಹಿಂದೆ ಹೋದೆ. ಅಪ್ಪ ಬಾಗಿಲ ಬಳಿಯ ಕಬ್ಬಿಣದ ಕುರ್ಚಿಯಲ್ಲಿ ಬೇರೆ ಕಡೆ ಮುಖ ಮಾಡಿ ಕೂತರು. ಇವರು ಅಟ್ಟದಿಂದ ಕಂಟ್ರೋಲರ್ ಇಳಿಸಿ, ಅಭ್ಯಾಸಬಲದಿಂದ ಬಾಗಿಲು ಎಳೆಯಲು ಹೋದರು. ಕೊಕ್ಕೆಗೆ ಕೈ ಹಾಕಿದವರು ಯಾಕೋ ಹಾಗೇ ನಿಂತು, ಅದನ್ನು ಪೂರ್ತಿ ಮೇಲಕ್ಕೆ ತಳ್ಳಿಬಿಟ್ಟರು. ರಸ್ತೆಯ ಬೆಳಕು ಒಳಗೆ ಬಂತು. ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದವರು ಇತ್ತ ತಿರುಗಿದರು, ಇಬ್ಬರು ಲೋಟ ಹಿಡಿದುಕೊಂಡೇ ಬಂದು ಮೆಟ್ಟಿಲ ಬಳಿ ನಿಂತರು.

ಕಲ್ಯಾಣಿ ವಯರು ಸೇರಿಸಿದಳು, ಪೆಟ್ಟಿಗೆಯಲ್ಲಿ ಬಂದಿದ್ದ ಸೀಡಿಯನ್ನು ಲ್ಯಾಪ್‌ಟಾಪಿಗೆ ಹಾಕಿದಳು, ಏನೇನೋ ಒತ್ತಿದಳು. ಅಟ್ಟದ ಧೂಳು ತಿಂದಿದ್ದ ಆ ಮಿಷನ್ನಿನಿಂದ ಮೊದಲ ಸಲ ಹಾಡು ಬಂತು. ಅವಳು ನಡುವಿನ ಪಟ್ಟಿಯ ಮೇಲೆ ಬೆರಳಿಟ್ಟು ಹಾಡನ್ನು ತಗ್ಗಿಸಿ, “ಇದನ್ನ ಆಕಡೆ ಎಳೆದ್ರೆ ಏನಾಗುತ್ತೆ, ಗೊತ್ತಾ ಭಾವ?” ಎಂದು ಕೇಳಿದಳು.

ಯಜಮಾನರು ಬಾಯಿ ತೆರೆದರು. ಯಾವ ಮಾತು ಬರುತ್ತದೆಂದು ನನಗೆ ಗೊತ್ತಿತ್ತು, ಹದಿನೈದು ವರ್ಷ ಕೇಳಿದ್ದೇನೆ. ಬಾಯಿ ಹಾಗೇ ಮುಚ್ಚಿಕೊಂಡಿತು. ಮೆಟ್ಟಿಲ ಬಳಿ ನಿಂತವರನ್ನು ನೋಡಿದರು, ಅಪ್ಪನ ಬೆನ್ನು ನೋಡಿದರು. ಕಿವಿ ಎಸ್.ಪಿ. ರಸ್ತೆಯಲ್ಲಿ ಆದ ಹಾಗೆಯೇ ಕೆಂಪಾಯಿತು. ಆಮೇಲೆ ಅವಳಿಗಷ್ಟೇ ಕೇಳುವ ಹಾಗೆ ಗೊತ್ತಿಲ್ಲಮ್ಮ ಎಂದರು.

ಅಪ್ಪ ಈ ಕಡೆ ತಿರುಗಿ ಕಿವಿಗೆ ಕೈ ಅಡ್ಡ ಹಿಡಿದರು. “ಏನಂದೆಪ್ಪ?”

ನಾನು ಹೇಳಲು ಹೋದೆ. ಯಜಮಾನರು ಕೈ ಅಡ್ಡ ಮಾಡಿದರು. ರಸ್ತೆಯವರಿಗೂ ಕೇಳುವಷ್ಟು ಗಟ್ಟಿಯಾಗಿ, ಮಾವನ ಮುಖ ನೋಡಿಕೊಂಡು ಹೇಳಿದರು. “ಗೊತ್ತಿಲ್ಲ ಮಾವ. ನಂಗೆ ಇದು ಗೊತ್ತಿಲ್ಲ.”

ಮೆಟ್ಟಿಲ ಬಳಿ ಒಬ್ಬ ನಕ್ಕ. ಅಪ್ಪ ಅವನ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಗರಗರ ಎಳೆದುಕೊಂಡು ಬಂದು ಅಳಿಯನ ಪಕ್ಕಕ್ಕೆ ಹಾಕಿಕೊಂಡರು.

“ನಂಗೂ ಗೊತ್ತಿಲ್ಲ. ಹೇಳಮ್ಮ ಕಲ್ಯಾಣಿ, ಇಬ್ರೂ ಕೇಳ್ತೀವಿ. ಸ್ವಲ್ಪ ಗಟ್ಟಿಯಾಗಿ ಹೇಳು.”